ಭೂಮಿಯಜ್ಜನ ಸರಹದ್ದು

ದೇವರಿಗೆ ಊರಿನ ಹಳೇ ಹೆಸರು ಹೇಳಬೇಕೋ, ಹೊಸ ಹೆಸರು ಹೇಳಬೇಕೋ ಎಂದು ಅತ್ತೆ ತಲೆ ಕೆಡಿಸಿಕೊಂಡು ಕೂತಿದ್ದರಿಂದ ನನ್ನ ಮಗಳಿಗೆ ಔಷಧಿ ಸಿಕ್ಕಿರಲಿಲ್ಲ.

ಗಿಯೋಕ್‌ಗೆ ನಾಲ್ಕು ವರ್ಷ. ದಿನ ಬಿಟ್ಟು ದಿನ ಚಳಿಜ್ವರ. ಸರ್ಕಾರಿ ವೈದ್ಯ ಕೊಟ್ಟ ಕ್ವಿನೀನ್ ಪೊಟ್ಟಣ ಮನೆಯಲ್ಲೇ ಇತ್ತು, ಆದರೆ ಅತ್ತೆಯ ಸೊಂಟದ ಗಂಟಿನಲ್ಲಿ. ಜಪಾನಿನವರ ಪುಡಿ ಮಗುವಿನ ಹೊಟ್ಟೆಗೆ ಹೋಗಬೇಕಾದರೆ ಭೂಮಿಯಜ್ಜನ ಅಪ್ಪಣೆ ಬೇಕು ಎಂಬುದು ಅವರ ಹಟ. ನನ್ನ ಗಂಡ ಕಬ್ಬು ಸಾಗಿಸುವ ರೈಲಿನ ಕೆಲಸಕ್ಕೆ ಹೋಗಿದ್ದ. ಅತ್ತೆಗೆ ಎದುರಾಡೋಣವೆಂದರೆ ನನ್ನ ಬೆನ್ನಿಗೆ ಯಾರೂ ಇರಲಿಲ್ಲ.

ಭೂಮಿಯಜ್ಜ ದೊಡ್ಡ ದೇವರೇನಲ್ಲ. ತೊರೆಯ ಆಚೆ ದಡದಲ್ಲಿ ಸೊಂಟದೆತ್ತರದ ಕಲ್ಲುಗುಡಿ, ಒಳಗೆ ಬಿಳಿಗಡ್ಡದ ಮುದುಕ. ಅವನೂ ಒಬ್ಬ ಅಧಿಕಾರಿಯೇ, ಇಲ್ಲಿಂದ ಅಲ್ಲಿಯವರೆಗೆ ಎಂದು ಅವನಿಗೂ ಸರಹದ್ದುಂಟು. ಅದಕ್ಕೇ ಏನಾದರೂ ಬೇಡುವಾಗ ಹೆಸರು, ಹುಟ್ಟಿದ ಗಳಿಗೆ, ಮನೆ ಇರುವ ಜಾಗ ಎಲ್ಲ ಬಿಡಿಸಿ ಹೇಳಬೇಕು. ಜಾಗ ತಪ್ಪಿದರೆ ವರ ಪಕ್ಕದ ಮನೆಗೆ ಹೋದೀತು.

ಆ ಶರತ್ಕಾಲದಲ್ಲಿ ನಮ್ಮನ್ನಾಳುವ ಜಪಾನ್ ಸರ್ಕಾರ ನಮ್ಮ ದ್ವೀಪವನ್ನೇ ಹೊಸದಾಗಿ ಹಂಚಿತು. ಚೋ ಎಂಬ ಹಳೇ ಜಿಲ್ಲೆಗಳನ್ನು ಅಳಿಸಿ ನಮ್ಮ ಕಡೆಗೆಲ್ಲ ಶೂ ಎಂಬ ಪ್ರಾಂತ್ಯ ಮಾಡಿದರು, ಶೂ ಕೆಳಗೆ ಗುನ್ ಎಂಬ ತಾಲ್ಲೂಕು, ಗುನ್ ಕೆಳಗೆ ಶೋ ಎಂಬ ಹೋಬಳಿ. ಗೆರೆ ನಮ್ಮ ತೊರೆಯ ಮೇಲೇ ಹಾದುಹೋಯಿತು. ಮುತ್ತಾತನ ಕಾಲದಿಂದ ದನದಕೊಟ್ಟಿಗೆ ಎನ್ನುತ್ತಿದ್ದ ನಮ್ಮ ಊರು ಮತ್ಸುಕಾವಾ ಎಂಬ ಶೋಗೆ ಸೇರಿತು. ಆಚೆ ದಡ ಇನ್ನೊಂದು ಗುನ್‌ಗೆ ಹೋಯಿತು, ಜೊತೆಗೆ ಭೂಮಿಯಜ್ಜನೂ ಹೋದ.

ಅತ್ತೆ ಗುಡಿಗೆ ಹೋಗಿ ಹಳೇ ಹೆಸರು ಹೇಳಿ ಅಪ್ಪಣೆ ಕೇಳಿದರು. ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕಿದರೆ ಒಂದು ಅಂಗಾತ, ಒಂದು ಬೋರಲು ಬೀಳಬೇಕು. ಅದೂ ಸತತ ಮೂರು ಸಲ. ಆಗ ಅಪ್ಪಣೆಯಾದಂತೆ. ಎರಡೂ ಅಂಗಾತ ಬಿದ್ದವು. ದೇವರು ನಕ್ಕುಬಿಟ್ಟ, ಅಂದರೆ ಉತ್ತರ ಕೊಡಲಿಲ್ಲ. ಹೊಸ ಹೆಸರು ಹೇಳಿದರು. ಮತ್ತೆ ನಕ್ಕ.

"ನೋಡಿದ್ಯಾ? ನಮ್ಮ ಗುರುತೇ ಇಲ್ಲ ಅವನಿಗೆ," ಅಂದರು ಅತ್ತೆ. "ಇದೆಲ್ಲ ಆ ಖೂ ಬಾನ್ ಮಾಡಿದ್ದು."

ಖೂ ಬಾನ್ ಆಚೆ ದಡದ ಮುಖ್ಯಸ್ಥ. ಸರ್ಕಾರದ ಕಡೆಯಿಂದ ನೆಲ ಅಳೆಯುವವರು ಬಂದಾಗ ಅವರಿಗೆ ಚಹಾ ಕೊಟ್ಟವನು ಅವನೇ. ಅಂದಮೇಲೆ ಗೆರೆ ಎಳೆಸಿದವನೂ ಅವನೇ ಎಂದು ಈಚೆ ದಡದವರೆಲ್ಲ ನಂಬಿದ್ದರು. ಸುಳ್ಳೇಕೆ, ನನಗೂ ಅನುಮಾನವಿತ್ತು. ಮೊನ್ನೆ ಗುಡಿಯ ಮುಂದೆ ಒಬ್ಬನೇ ಕೂತು ಏನೋ ಗುಸುಗುಸು ಹೇಳುತ್ತಿದ್ದ. ನನ್ನನ್ನು ಕಂಡವನೇ ಬಾಯಿ ಮುಚ್ಚಿದ.

ಮಧ್ಯಾಹ್ನ ಮಗಳ ಮೈ ಕಾದ ಬಾಣಲೆಯಾಯಿತು. ಕಣ್ಣು ಮೇಲೆ ಸಿಕ್ಕಿಕೊಂಡಿತು.

"ಅತ್ತೆ, ಪುಡಿ ಕೊಡಿ."

"ಅಪ್ಪಣೆ ಇಲ್ದೆ ಕೊಟ್ಟು ಏನಾದ್ರೂ ಆದ್ರೆ? ನಿನ್ನ ಗಂಡನಿಗೆ ಏನು ಹೇಳ್ಲಿ?"

"ಕೊಡದೇ ಏನಾದ್ರೂ ಆದ್ರೆ ಏನು ಹೇಳ್ತೀರ?"

ಅವರು ಸೊಂಟದ ಗಂಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು. ನಾನು ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಗುಡಿಯತ್ತ ಹೊರಟೇಬಿಟ್ಟೆ. ಹೊಸ ಗಡಿಕಂಬ ದಾಟಿ, ಮೊಣಕಾಲುದ್ದ ನೀರಿಗಿಳಿದೆ. ಹಿಂದಿನಿಂದ ಅತ್ತೆ ಕೂಗುತ್ತ ಬಂದರು.

ಗುಡಿಯ ಹತ್ತಿರ ಖೂ ಬಾನ್ ಊದುಬತ್ತಿ ಹಚ್ಚುತ್ತಿದ್ದ.

"ಬಂದ್ರಾ? ನಮ್ಮ ಅಜ್ಜನ್ನ ಕದ್ದುಕೊಂಡು ಹೋಗೋಕೆ ಬಂದ್ರಾ?" ಅಂದ.

"ಕದ್ದವನು ನೀನು ಕಣಯ್ಯಾ!" ಅತ್ತೆಗೆ ಏದುಸಿರು. "ಚಹಾ ಕುಡಿಸಿ ಗೆರೆ ಎಳೆಸಿದವನು!"

"ನಾನಾ? ಅಕ್ಕಾ, ಶಾಲೆ ನಿಮ್ಮ ಕಡೆ ಹೋಯ್ತು, ಅಣೆಕಟ್ಟಿನ ಬಾಗಿಲೂ ನಿಮ್ಮ ಕಡೆ. ನಾನೇ ಎಳೆಸಿದ್ರೆ ಅದನ್ನ ಬಿಟ್ಟು ಈ ಮುದುಕನ್ನ ಇಟ್ಕೋತಿದ್ನಾ? ನಮ್ಮ ಭತ್ತಕ್ಕೆ ಹುಳ ಬಿದ್ದಿದೆ, ಹಳೇ ಹೆಸರು ಹೇಳಿದೆ, ಹೊಸದು ಹೇಳಿದೆ. ಇವನು ಬರೀ ನಗ್ತಾನೆ. ನೀವೇ ಏನೋ ಮಾಡಿಸಿದ್ದೀರಿ ಅಂದ್ಕೊಂಡೆ."

ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಂಬಿದಂತೆ ಕಾಣಲಿಲ್ಲ.

ನಾನು ಕಾಯಲಿಲ್ಲ. ಗಿಯೋಕ್‌ಳನ್ನು ಇಳಿಸಿ ದೇವರ ಎದುರಿಗೇ ಕೂರಿಸಿದೆ.

"ಅಜ್ಜಾ, ಊರಿನ ಹೆಸರು ಹೇಳಲ್ಲ. ಇಗೋ ಇವಳು. ಇಲ್ಲೇ ಕೂತಿದ್ದಾಳೆ. ಇವಳಿಗೆ ಪುಡಿ ಕೊಡ್ಲಾ?"

ಅತ್ತೆ ಗುಡಿಯಲ್ಲಿದ್ದ ಮರದ ತುಂಡುಗಳನ್ನು ಎತ್ತಿ ಹಾಕಿದರು. ಒಂದು ಅಂಗಾತ, ಒಂದು ಬೋರಲು. ಮತ್ತೆ ಹಾಕಿದರು. ಮತ್ತೆ ಹಾಗೇ. ಮೂರನೇ ಸಲ ಒಂದು ತುಂಡು ಅಂಗಾತ ಬಿತ್ತು, ಇನ್ನೊಂದು ಉರುಳಿಕೊಂಡು ಕಲ್ಲುಪೀಠದ ಸಂದಿಗೆ ಹೋಯಿತು. ಖೂ ಬಾನ್ ನೆಲಕ್ಕೆ ಕೆನ್ನೆಯಾನಿಸಿ ಕೈ ಒಳಗೆ ಹಾಕಿದ.

"ಬೋರಲು," ಅಂದ.

"ಕೈ ಯಾಕೆ ಹಾಕಿದೆ? ಕಣ್ಣಲ್ಲಿ ನೋಡೋಕಾಗಲ್ವಾ?"

"ಕತ್ತಲಿದೆ ಅಕ್ಕಾ, ಮುಟ್ಟಿ ನೋಡಿದೆ."

"ಮುಟ್ಟಿದೆಯೋ, ತಿರುಗಿಸಿದೆಯೋ?"

ಖೂ ಬಾನ್ ಮೊಣಕೈಯ ಮಣ್ಣು ಒರೆಸಿಕೊಂಡ. ನನ್ನ ಮುಖ ನೋಡಲಿಲ್ಲ. ನಾನೂ ಅವನ ಮುಖ ನೋಡಲಿಲ್ಲ. ಅತ್ತೆಯ ಮುಂದೆ ಕೈ ಚಾಚಿ ನಿಂತೆ.

ಅತ್ತೆ ಆ ಸಂದಿ ನೋಡಿದರು, ಅವನ ಬೆರಳು ನೋಡಿದರು, ಕೊನೆಗೆ ಮೊಮ್ಮಗಳ ನಡುಗುವ ಗದ್ದ ನೋಡಿದರು. ಗಂಟು ಬಿಚ್ಚಿದರು. ಪೂಜೆಗಿಟ್ಟಿದ್ದ ಪುಟ್ಟ ಬಟ್ಟಲಿನ ಚಹಾದಲ್ಲಿ ತಾವೇ ಪುಡಿ ಕಲಸಿ, ಮಗುವಿನ ಮೂಗು ಹಿಡಿದರು.

"ಕುಡಿ ಕಂದಾ. ಅವನು ತಿರುಗಿಸಿದ್ರೆ ಪಾಪ ಅವನಿಗೆ. ಜ್ವರ ಇಳಿದ್ರೆ ಪುಣ್ಯ ನಮಗೆ."