ಒಳಗಿದ್ದಿದ್ದು ಎಂತ ತಿಂತಿತ್ತು?

"ಯಾವ ಜೀವವನ್ನೂ ಕೊಲ್ಲದಿಲ್ಲೆ, ಯಾರ ಕೈಲೂ ಕೊಲ್ಲಿಸದೂ ಇಲ್ಲೆ." ಪ್ರಾಣಿಶಾಸ್ತ್ರ ಓದಲು ಸಿರಸಿಯ ಕಾಲೇಜಿಗೆ ಹೊರಟ ದಿನ ಅಮ್ಮಮ್ಮನ ಕೈಮೇಲೆ ಕೈಯಿಟ್ಟು ಹಾಗೆಂದಿದ್ದೆ. ಆಮೇಲೆಯೇ ಅವಳು ನನ್ನನ್ನು ಮನ್ಮನೆಯಿಂದ ಬಸ್ಸು ಹತ್ತಲು ಬಿಟ್ಟಿದ್ದು. ಕಾಲೇಜಿನಲ್ಲಿ ಜಿರಲೆ ಕೊಯ್ಯುವುದು ಯಲ್ಲಾಪುರದ ಸಹಪಾಠಿ ಜಹೀರನ ಪಾಲಾಯಿತು, ಚಿತ್ರ ಬರೆಯುವುದು ನನ್ನ ಪಾಲು.

ಮುಂದೆ ನಾನು ಖಾಲಿ ಚಿಪ್ಪುಗಳ ಹಿಂದೆ ಬಿದ್ದೆ. ಎಂದೋ ಸತ್ತ ಬಸವನಹುಳುಗಳಿಂದ ಮಾತಿಗೇನೂ ಭಂಗವಿಲ್ಲ. ಅಡುಗೆ, ಕಾಲೇಜಿನಲ್ಲಿ ಕಲಿಸುವ ಕೆಲಸ, ಮಗಳ ಹೋಮ್‌ವರ್ಕ್ ಮುಗಿದು ಉಳಿದ ಚೂರುಪಾರು ಹೊತ್ತು ಅವಕ್ಕೆ. ಜಹೀರ ಈಗ ಸಮುದ್ರ ಸಮೀಕ್ಷೆಯ ಹಡಗಿನಲ್ಲಿದ್ದಾನೆ. ಆಳದ ಕೆಸರನ್ನು ಒಣಗಿಸಿ ಡಬ್ಬಿಯಲ್ಲಿ ಕಳಿಸುತ್ತಾನೆ. ಈ ಸಲದ ಕೆಸರಿನಲ್ಲಿ ಸಾಸಿವೆ ಕಾಳಿನಷ್ಟು ಚಿಪ್ಪೊಂದು ಸಿಕ್ಕಿತು. ಗಾಜಿನಂತೆ ತಿಳಿ, ಮೈತುಂಬ ಗೆರೆಗಳ ಬಲೆ. ಅಂಥದ್ದನ್ನು ಯಾರೂ ವರ್ಣಿಸಿರಲಿಲ್ಲ. ಹೊಸ ಪ್ರಭೇದವೆಂದು ಬರೆಯತೊಡಗಿ ಅರ್ಧಕ್ಕೆ ನಿಂತೆ. ಅದು ಯಾವ ಕುಲದ್ದೆಂದು ತಿಳಿಯಲು ನಾಲಿಗೆಯ ಮೇಲಿನ ಹಲ್ಲು ನೋಡಬೇಕು. ಖಾಲಿ ಚಿಪ್ಪಿಗೆ ಹಲ್ಲೆಲ್ಲಿ?

ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮ ಮನೆಯಲ್ಲೇ ಉಳಿದಿದ್ದ ಅಮ್ಮಮ್ಮ, ಬಾಯಲ್ಲಿ ಎಲೆಯಡಿಕೆಯ ಕವಳ ತುಂಬಿಕೊಂಡೇ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದಳು.

"ಅಬ್ಬಾ, ಗೆಜ್ಜೆ ಹಾಂಗೆ ಇದ್ದಲೆ! ಒಳಗಿದ್ದಿದ್ದು ಎಲ್ಲೋತು?"

"ಸತ್ತೋತು ಅಮ್ಮಮ್ಮ. ಇದು ಬರೀ ಮನೆ."

"ಆ ಕತ್ತಲಲ್ಲಿ ಎಂತ ತಿಂತಿತ್ತು?"

"ಹಲ್ಲು ನೋಡಿರೆ ಗೊತ್ತಾಗ್ತು. ಅದಕ್ಕೆ ಜೀವ ಇದ್ದಿದ್ದನ್ನ ಹಿಡಿದು ಸ್ಪಿರಿಟ್ಟಿಗೆ ಹಾಕವು. ಕೊಲ್ಲಲಾಗ ಹೇಳಿ ಮಾತು ತಗಂಡವಳು ನೀನೇಯ."

ಮಗಳು ಅಭಿಜ್ಞಾ ನಡುವೆ ಬಾಯಿ ಹಾಕಿದಳು. "ನಿನ್ನ ಕವಳದ ಸುಣ್ಣನೂ ಚಿಪ್ಪು ಸುಟ್ಟಿದ್ದೇಯ, ಅಮ್ಮಮ್ಮ!"

"ಅದು ಖಾಲಿ ಚಿಪ್ಪು. ನೀ ಸುಮ್ನಿರು ಕೂಸೆ." ಅಮ್ಮಮ್ಮ ಕಣ್ಣು ಮಾತ್ರ ತೆಗೆಯಲಿಲ್ಲ. "ಆನು ಕೊಲ್ಲು ಹೇಳಿದ್ನಾ? ಎಂತ ತಿಂತಿತ್ತು ಹೇಳಿ ಕೇಳ್ತೆ, ಅಷ್ಟೇಯ."

"ಕೊಲ್ಲದೇ ಗೊತ್ತಾಗ್ತಿಲ್ಲೆ."

"ಹಾಂಗಾರೆ ಬಿಡು."

ತಂಬುಳಿ ಬಡಿಸುವಾಗ ಮತ್ತೆ ಶುರು. "ಕೆಸರೇ ತಿಂತಿತ್ತೇನ." ನಾನು ಪಾತ್ರೆ ತೊಳೆಯುವಾಗ ಹಿಂದೆ ಬಂದು ನಿಂತಳು. "ಅಥವಾ ಬೇರೆ ಹುಳನ್ನ ತಿಂತಿತ್ತ?"

ನನಗೂ ಅದೇ ತಿಳಿಯಬೇಕಿತ್ತು. ವರದಿಗಿಂತ ಹೆಚ್ಚಾಗಿ ಅದೇ. ಕೈ ಒರೆಸಿಕೊಂಡು ಜಹೀರನಿಗೆ ಫೋನ್ ಮಾಡಿದೆ.

"ನಾಡಿದ್ದು ಹಡಗು ಆ ಕೆಸರು ಸಿಕ್ಕಿದ ಜಾಗಕ್ಕೇ ಹೋಗ್ತದೆ," ಎಂದ.

"ಜೀವಂತ ಸಿಕ್ಕಿದ್ರೆ ಸ್ಪಿರಿಟ್ಟಿಗೆ ಹಾಕಿ ತಾ ಮಾರಾಯ."

"ಹೌದಾ? ಅಜ್ಜಿಗೆ ಏನು ಹೇಳ್ತಿ?"

"ಒಂದೇ ಸಾಕು ಹೇಳು!" ಹಿಂದಿನಿಂದ ಅಮ್ಮಮ್ಮ ಕೂಗಿದಳು.

ಸೀಸೆ ಬಂತು. ಮೆತ್ತನೆಯ ಮೈ ಕರಗಿಸಿ ಹಲ್ಲು ಬಿಡಿಸಿದೆ. ಸೂಜಿಯಂಥ ಉದ್ದ ಹಲ್ಲುಗಳು, ಹುಳು ಚುಚ್ಚಿ ತಿನ್ನುವಂಥವು. ಅಮ್ಮಮ್ಮ ಮೈಕ್ರೋಸ್ಕೋಪಿನಲ್ಲಿ ಅವನ್ನು ಬಹಳ ಹೊತ್ತು ನೋಡಿದಳು.

ಅವಳಿಗೆ ಕೊಟ್ಟ ಮಾತಿಗೆ ತಪ್ಪಿದೆ.