ನಾನೂರ ಹನ್ನೆರಡನೆಯ ಪೊಟ್ಟಣ

ಆ ದಿನ ನಾನು ಒಂದು ಹಳೆಯ ನಿಘಂಟಿನ ಬೆನ್ನಿಗೆ ಗೋಂದು ಹಚ್ಚುತ್ತಿದ್ದೆ. ಭೂತಗನ್ನಡಿ ಮೇಡಂ ನನ್ನ ಅಂಗಡಿಯ ಬಾಗಿಲಲ್ಲಿ ನಿಂತು ಕಾಲೊರಸಿಗೆ ಚಪ್ಪಲಿ ಉಜ್ಜುತ್ತಲೇ ಇದ್ದರು. ಕೆಟ್ಟ ಸುದ್ದಿ ತಂದವರು ಮಾತ್ರ ಅಷ್ಟು ಹೊತ್ತು ಕಾಲು ಒರೆಸುತ್ತಾರೆ.

ಭೂತಗನ್ನಡಿ ಎಂಬುದು ನನ್ನ ತಂಗಿ ಇಟ್ಟ ಹೆಸರು. ಆ ಹೆಂಗಸು ಸಸ್ಯ ದಾಖಲೆ ಕಚೇರಿಯ ಮುಖ್ಯಸ್ಥೆ. ಅವರ ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಮಸೂರವೊಂದು ಸದಾ ತೂಗುತ್ತಿರುತ್ತದೆ. ನಮ್ಮ ಊರಿನ ಪಡುವಣ ದಿಕ್ಕಿಗೆ ಬರಿಯ ಬಂಡೆ, ಕಮರಿ, ಝರಿಗಳ ಎತ್ತರದ ಸೀಮೆ ಇದೆ. ಅಲ್ಲಿ ಯಾವ ಕಾಡುಗಿಡ, ಪಾಚಿಯಂಥ ಯಾವ ಹಾವಸೆ ಎಲ್ಲಿ ಬೆಳೆಯುತ್ತದೆ ಎಂದು ಬರೆದಿಡುವುದು ಅವರ ಕಚೇರಿಯ ಕೆಲಸ. ತಂಗಿ ಅಲ್ಲಿನ ನೌಕರಳಲ್ಲ. ಅವಳು ಅಂಚೆ ಕಚೇರಿಯಲ್ಲಿ ಕಾಗದಗಳಿಗೆ ಮೊಹರು ಒತ್ತುತ್ತಿದ್ದವಳು. ರಜೆ ಬಂತೆಂದರೆ ಬೆಟ್ಟ. ಕಲ್ಲಿನ ಮೇಲಿನ ಹಾವಸೆಯನ್ನು ಉಗುರಿನಷ್ಟು ಮಾತ್ರ ಕಿತ್ತು ತಂದು, ಒಣಗಿಸಿ, ಪೊಟ್ಟಣ ಕಟ್ಟಿ, ಮೇಲೆ ಹೆಸರು, ಸ್ಥಳ, ದಿನಾಂಕ ಬರೆದಿಡುತ್ತಿದ್ದಳು. ಪಟ್ಟಿ ಕಚೇರಿಗೆ ಹೋಗುತ್ತಿತ್ತು, ಪೊಟ್ಟಣಗಳು ನಮ್ಮ ಮನೆಯ ಕಪಾಟಿಗೆ. ಮೂವತ್ತೊಂದು ವರ್ಷಕ್ಕೆ ನಾನೂರ ಹನ್ನೆರಡು ಪೊಟ್ಟಣಗಳಾದವು. ಏಳು ತಿಂಗಳ ಹಿಂದೆ ದೇವರು ಅವಳನ್ನು ಕರೆದುಕೊಂಡ. ನಾನು ಕಪಾಟನ್ನು ಖಾಲಿ ಮಾಡಿ ಎಲ್ಲವನ್ನೂ ಕಚೇರಿಗೆ ಒಪ್ಪಿಸಿದೆ.

“ಯಜಮಾನ್ರೇ, ನಾನೂರ ಹನ್ನೆರಡನೇ ಪೊಟ್ಟಣ ನೋಡಿದೆ,” ಎಂದರು ಭೂತಗನ್ನಡಿ.

“ಅವಳ ಕೊನೇದು. ಮೊಂಡುತುದಿ.”

“ಅದರಲ್ಲಿ ಮೊಂಡುತುದಿ ಇಲ್ಲ. ಗೋಡೆ ಹಾವಸೆ ಇದೆ. ನಿಮ್ಮ ಅಂಗಡಿ ಹಿಂದುಗಡೆ ಬಚ್ಚಲ ಗೋಡೆ ಮೇಲೂ ಇದೆಯಲ್ಲ, ಅದೇ.”

ಮೊಂಡುತುದಿ ಅಪರೂಪದ ಹಾವಸೆ. ಅದರ ಎಲೆಗಳ ತುದಿ ಯಾವಾಗಲೂ ಮುರಿದೇ ಇರುತ್ತದಂತೆ. ನಮ್ಮ ಬೆಟ್ಟಗಳಲ್ಲಿ ಅರವತ್ತು ವರ್ಷಗಳಿಂದ ಅದನ್ನು ಯಾರೂ ಕಂಡಿರಲಿಲ್ಲ. ತಂಗಿ ಕೊನೆಯ ಸಲ ಬೆಟ್ಟ ಹತ್ತಿದ ದಿನ ಅದು ಸಿಕ್ಕಿತು. ಆ ಸಂಜೆ ಅವಳು ನನ್ನ ಕಿವಿಯ ಹತ್ತಿರ ಬಂದು, “ಅಣ್ಣಾ, ಅರವತ್ತು ವರ್ಷ ಯಾರ ಕಣ್ಣಿಗೂ ಬೀಳದ್ದು ಇವತ್ತು ನನ್ನ ಕಣ್ಣಿಗೆ ಬಿತ್ತು. ಅತ್ತಿಗೆಗೆ ಹೇಳಬೇಡ, ಮತ್ತೆ ಕಸ ತಂದಳು ಅಂತಾಳೆ,” ಎಂದಿದ್ದಳು.

“ಹೊಸ ದಾಖಲೆ ಪುಸ್ತಕ ಬರೋ ತಿಂಗಳು ಅಚ್ಚಿಗೆ ಹೋಗುತ್ತೆ,” ಭೂತಗನ್ನಡಿ ನೆಲ ನೋಡುತ್ತ ಹೇಳಿದರು. “ಮೊಂಡುತುದಿ ಸಿಕ್ಕಿದೆ ಅನ್ನೋ ಸಾಲು ತೆಗೀಬೇಕಾಗುತ್ತೆ. ಇನ್ನೊಬ್ಬರ ಬಾಯಿಂದ ನೀವು ಕೇಳೋದು ಬೇಡ ಅಂತ ನಾನೇ ಬಂದೆ.”

“ಅವಳು ತಪ್ಪು ನೋಡಿದಳು ಅಂತೀರಾ?”

“ಕಾಯಿಲೆ ಇತ್ತು. ಕಣ್ಣು ಸೋತಿರಬಹುದು. ಎಲ್ಲರೂ ತಪ್ಪು ಮಾಡ್ತಾರೆ, ಯಜಮಾನ್ರೇ.”

ಅವರು ಹೋದ ಮೇಲೆ ನಿಘಂಟಿನ ಗೋಂದು ಒಣಗಿತು. ನಾನು ಹಾಗೆಯೇ ಕುಳಿತಿದ್ದೆ, ಏಕೆಂದರೆ ಯಾರ ತಪ್ಪು ಎಂಬುದು ನನಗೆ ಆಗಲೇ ಹೊಳೆದಿತ್ತು.

ತಂಗಿ ಕೈಗೆ ಸಿಕ್ಕ ಕಾಗದದಲ್ಲಿ ಪೊಟ್ಟಣ ಕಟ್ಟುತ್ತಿದ್ದಳು. ಹಳೆಯ ಪತ್ರಿಕೆ, ಸಾಬೂನಿನ ಹೊದಿಕೆ, ಒಮ್ಮೆ ಯಾರದೋ ಮದುವೆಯ ಕರೆಯೋಲೆ. ಐವತ್ತು ವರ್ಷ ಪುಸ್ತಕ ಕಟ್ಟಿದ ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಅವಳು ತೀರಿಕೊಂಡ ಮೇಲೆ, ಕಚೇರಿಗೆ ಕೊಡುವ ಮುನ್ನ, ಒಳ್ಳೆಯ ಬಿಳಿ ಕಾಗದ ತಂದು ಒಂದೊಂದನ್ನೇ ಹೊಸದಾಗಿ ಮಡಿಸಲು ಕುಳಿತೆ. ಅವಳ ಬರಹವನ್ನು ಕತ್ತರಿಸಿ ಮೇಲೆ ಅಂಟಿಸಿದೆ. ಒಂದು ಪೊಟ್ಟಣಕ್ಕೆ ಒಂದು ಸಲ ದೇವರ ಹೆಸರು. ಒಂದೂವರೆ ತಿಂಗಳು ನಡೆದ ಆ ಕೆಲಸವೇ ನನ್ನನ್ನು ಉಳಿಸಿತು. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ಬಿಚ್ಚಬೇಕು ಎಂದು ನಿಯಮ ಹಾಕಿಕೊಂಡಿದ್ದೆ. ಕೊನೆಯಲ್ಲಿ ಎರಡು ಉಳಿದವು. ಒಂದೇ ಒಂದು ಉಳಿಯುವುದನ್ನು ನೋಡಲಾರದೆ ಎರಡನ್ನೂ ಒಟ್ಟಿಗೆ ಬಿಚ್ಚಿದೆ. ಕಣ್ಣು ಮಂಜಾಯಿತು, ಕನ್ನಡಕ ತೆಗೆದೆ, ಒರೆಸಿಕೊಂಡೆ. ಯಾವ ಚೂರನ್ನು ಯಾವ ಕಾಗದಕ್ಕೆ ಹಾಕಿದೆನೋ.

ಮಧ್ಯಾಹ್ನ ಮನೆಗೆ ಹೋದಾಗ ಹೆಂಡತಿ ತಟ್ಟೆ ಇಟ್ಟು ಮುಖ ನೋಡಿದಳು.

“ಏನ್ರೀ, ಕೆಟ್ಟುಹೋದ ಗೋಂದಿನ ಹಾಗೆ ಮುಖ ಮಾಡಿಕೊಂಡಿದ್ದೀರಿ?”

ಹೇಳಿದೆ.

“ಅಂದ್ರೆ ಕೈ ನಿಮ್ಮದು, ಮಸಿ ನಾದಿನಿ ಮುಖಕ್ಕೆ.”

“ಹೇಳಿದರೆ ಏನಾಗುತ್ತೆ ಗೊತ್ತಾ ನಿನಗೆ? ಎರಡು ಅದಲುಬದಲಾಗಿದೆ ಅಂದ್ರೆ ಮಿಕ್ಕ ನಾನೂರ ಹತ್ತರ ಮೇಲೂ ಅನುಮಾನ ಬರುತ್ತೆ. ಮೂವತ್ತೊಂದು ವರ್ಷದ್ದು ಪೂರ್ತಿ ಕಸದ ಬುಟ್ಟಿಗೆ.”

“ಹೇಳದೇ ಇದ್ದರೆ?”

“ಒಂದು ಸಾಲು ಹೋಗುತ್ತೆ, ಅಷ್ಟೆ.”

“ಯಾವ ಸಾಲು? ಅವಳು ಗುಟ್ಟಾಗಿ ನಿಮ್ಮ ಕಿವೀಲಿ ಊದಿದ್ದಳಲ್ಲ, ಅದು ತಾನೇ?”

“ನಿನಗೆ ಹೇಗೆ ಗೊತ್ತು?”

“ಅಣ್ಣ ತಂಗಿ ಇಬ್ಬರೂ ಸೇರಿ ನನ್ನನ್ನ ಪೆದ್ದಿ ಅಂದ್ಕೊಂಡ್ರಿ. ಮೂರು ತಿಂಗಳಿಂದ ತುತ್ತು ನುಂಗದೋಳು ಅವತ್ತು ಎರಡು ಸಲ ಕೇಳಿ ಹಾಕಿಸ್ಕೊಂಡು ಉಂಡಳು. ಅದೇನು ಸಿಕ್ಕಿತ್ತೋ ಅದು ನಿಜವೇ ರೀ.”

ಆ ಸಂಜೆ ದೇವರ ಮುಂದೆ ಕುಳಿತೆ. ‘ತಪ್ಪು ಅವಳದಲ್ಲ ಎಂದು ಎಲ್ಲರಿಗೂ ತಿಳಿಯಲಿ, ನನ್ನದು ಎಂದು ತಿಳಿಯದಿರಲಿ’ ಎಂದು ಕೇಳಿಕೊಂಡೆ. ಎಪ್ಪತ್ತೊಂದು ವರ್ಷದವನು ಕೇಳುವ ಪ್ರಾರ್ಥನೆಯೇ ಇದು ಎಂದು ನನಗೇ ನಾಚಿಕೆಯಾಗಿ, ಎದ್ದು ಬೆಳಗಿಗೆಂದು ಒಗೆದ ಅಂಗಿ ತೆಗೆದಿಟ್ಟೆ.

ಕಚೇರಿಯಲ್ಲಿ ಭೂತಗನ್ನಡಿ ಕೊನೆಯವರೆಗೂ ಕೇಳಿಸಿಕೊಂಡರು. ಅವರ ಮುಖ ಕೆಂಪಾಯಿತು.

“ಬಿಚ್ಚೋಕೆ ನಿಮಗೆ ಯಾರು ಹೇಳಿದ್ದು?”

“ಯಾರೂ ಹೇಳಲಿಲ್ಲ.”

“ಹಳೇ ಕಾಗದ ಎಲ್ಲಿ?”

“ಒಲೆಗೆ ಹಾಕಿದೆ.”

ಅವರು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. “ಅಯ್ಯೋ ದೇವರೇ!”

“ಅವನಿಗೂ ಹೇಳಿದ್ದೀನಿ,” ಎಂದೆ.

ಅವರಿಗೆ ನಗು ಬಂದಿರಬೇಕು. ಕೈ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎದ್ದು ನಾನೂರ ಹನ್ನೊಂದನೆಯ ಪೊಟ್ಟಣ ತಂದರು. ಅದರ ಮೇಲೆ ಗೋಡೆ ಹಾವಸೆ, ಬೆಟ್ಟದ ಬುಡದ ಸೇತುವೆ ಎಂದು ತಂಗಿಯ ಅಕ್ಷರ. ಬಿಚ್ಚಿ, ಮಸೂರ ಹಿಡಿದು, ಉಸಿರು ಕಟ್ಟಿ ನೋಡಿದರು.

“ಮೊಂಡುತುದಿ,” ಎಂದರು ಮೆಲ್ಲಗೆ. ಆಮೇಲೆ ನನ್ನ ಸಂತೋಷ ನೋಡಿ ಕೈ ಎತ್ತಿದರು. “ಇರಿ, ಇರಿ. ನಿಮ್ಮ ಮಾತು ನಾನು ನಂಬ್ತೀನಿ, ಪುಸ್ತಕ ನಂಬಲ್ಲ. ಕೈ ಬದಲಾದ ಪೊಟ್ಟಣ ಸಾಕ್ಷಿಯಲ್ಲ. ಅದು ಬೆಳೆದ ಜಾಗದಲ್ಲೇ ಕಣ್ಣಾರೆ ನೋಡಬೇಕು.”

“ಮಿಕ್ಕ ನಾನೂರ ಹತ್ತು?”

“ಅದರ ಮಾತು ಆಮೇಲೆ. ಬೆಟ್ಟ ಹತ್ತೋಕಾಗುತ್ತಾ ನಿಮಗೆ?”

ಭಾನುವಾರ ಬೆಳಗ್ಗೆ ಹೊರಟೆವು. ಹೆಂಡತಿ ಬಾಗಿಲವರೆಗೆ ಬಂದು, “ಮೇಡಂ, ಹಾವಸೆ ಸಿಗಲಿ ಬಿಡಲಿ, ಇವರನ್ನ ಮಾತ್ರ ತಂದು ಒಪ್ಪಿಸಿ. ಹಳೇದಾದ್ರೂ ನನಗೆ ಇರೋದು ಇದೊಂದೇ,” ಎಂದಳು.

ತಂಗಿಯ ಟಿಪ್ಪಣಿ ಪುಸ್ತಕ ನನ್ನ ಕೈಯಲ್ಲಿತ್ತು. ‘ಮೂರನೆಯ ಝರಿ. ಬೀಳುವ ನೀರಿನ ಹಿಂದೆ ಗವಿ. ನಿಂತರೆ ಕಾಣದು’ ಎಂದಷ್ಟೇ ಬರೆದಿದ್ದಳು. ದಾರಿ ಎನ್ನುವಂಥದ್ದು ಇರಲಿಲ್ಲ. ಒದ್ದೆ ಬಂಡೆಗಳನ್ನು ಹಿಡಿದು ಹಿಡಿದು ಹತ್ತಿದೆವು. ಇಷ್ಟು ವರ್ಷ ಅವಳು ಕೂಲಿಯಿಲ್ಲದೆ ಇಲ್ಲಿ ದುಡಿದಳಲ್ಲ, ಒಮ್ಮೆಯೂ ನಾನು ಜೊತೆಗೆ ಬರಲಿಲ್ಲವಲ್ಲ ಎಂಬುದು ಪ್ರತಿ ಹೆಜ್ಜೆಗೂ ಚುಚ್ಚುತ್ತಿತ್ತು. ಕರೆದಿದ್ದಳು. ಅಂಗಡಿ ಇದೆ ಎಂದಿದ್ದೆ.

ಗವಿ ಸಿಕ್ಕಿತು. ಒಳಗೆ ಇಬ್ಬರು ಕಷ್ಟಪಟ್ಟು ನಿಲ್ಲುವಷ್ಟೇ ಜಾಗ. ಭೂತಗನ್ನಡಿ ಗೋಡೆಯನ್ನು ಗೇಣು ಗೇಣಾಗಿ ನೋಡಿದರು. ಬಗ್ಗಿ ನೋಡಿದರು, ಮಂಡಿಯೂರಿ ನೋಡಿದರು. ನಾನೂ ನೋಡಿದೆ. ಬೇರೆ ನಾಲ್ಕೈದು ಜಾತಿಯ ಹಾವಸೆ ಇದ್ದವು, ಅದಿರಲಿಲ್ಲ.

“ನೀರು ಕೊಚ್ಚಿಕೊಂಡು ಹೋಗಿರಬಹುದು,” ಎಂದರು ಕೊನೆಗೆ. ಆ ದನಿಯಲ್ಲಿ ಸಾಲು ಹೊಡೆದು ಹಾಕಿದ ಸದ್ದು ಕೇಳಿಸಿತು ನನಗೆ.

ನನಗೆ ದಮ್ಮು ಹತ್ತಿತ್ತು. “ಒಂದು ಗಳಿಗೆ ತಡೀರಿ ಮೇಡಂ,” ಎಂದು ಒದ್ದೆ ನೆಲದ ಮೇಲೆ ಕುಳಿತೆ. ಕುಳಿತರೂ ದಮ್ಮು ನಿಲ್ಲದೆ, ನಾಚಿಕೆ ಬಿಟ್ಟು ಅಂಗಾತ ಮಲಗಿಬಿಟ್ಟೆ. ಗೋಡೆಯಿಂದ ಮುಂದಕ್ಕೆ ಚಾಚಿದ್ದ ಕಲ್ಲಿನ ಅಡಿಭಾಗ ನನ್ನ ಮುಖದ ಮೇಲೆಯೇ ಇತ್ತು. ಅಲ್ಲಿ, ಅಂಗೈ ಅಗಲ, ತಲೆಕೆಳಗಾಗಿ, ಹೊಳೆಯುವ ಹಸಿರು. ಒಂದು ಅಂಚಿನಲ್ಲಿ ಉಗುರಿನಷ್ಟು ಜಾಗ ಬರಿದಾಗಿತ್ತು.

“ಮೇಡಂ, ಇಲ್ಲಿ ಮಲಗಬೇಕು ನೀವು.”

“ಏನಂದ್ರಿ?”

“ಮಲಗದೇ ಕಾಣಲ್ಲ.”

ಅವರು ಗೊಣಗುತ್ತ ಪಕ್ಕದಲ್ಲಿ ಮಲಗಿದರು. “ಯಾರಾದ್ರೂ ಈಗ ಬಂದ್ರೆ ಎರಡು ಹೆಣ ಅಂದ್ಕೊಂಡು ಪೊಲೀಸರನ್ನ ಕರೀತಾರೆ,” ಎಂದು ಮಸೂರ ಮೇಲಕ್ಕೆತ್ತಿದರು. ಒಂದೊಂದೇ ಎಲೆಯನ್ನು ನೋಡುತ್ತ ಹೋದರು. ಎಷ್ಟೋ ಹೊತ್ತಿನ ಮೇಲೆ, “ಮುರಿದಿದೆ. ಎಲ್ಲಾ ತುದಿಗಳೂ ಮುರಿದಿವೆ, ಯಜಮಾನ್ರೇ,” ಎಂದು ದಾರ ಬಿಚ್ಚಿ ಮಸೂರವನ್ನು ನನ್ನ ಕೈಗೆ ಕೊಟ್ಟರು.

ಅರವತ್ತು ವರ್ಷ ಗಟ್ಟಿಮುಟ್ಟಾದವರೆಲ್ಲ ಈ ಗವಿಗೆ ಬಂದು, ನಿಂತು ನೋಡಿ, ಇಳಿದು ಹೋದರು. ದಮ್ಮು ಸೋತು ಮಲಗಿದವಳಿಗೆ ಕಂಡಿತು. ಯಾವ ಕಾಯಿಲೆ ಅವಳ ಕಣ್ಣು ಕೆಡಿಸಿತು ಎಂದುಕೊಂಡರೋ, ಅದೇ ಅವಳನ್ನು ಇದರ ಕೆಳಗೆ ತಂದು ಮಲಗಿಸಿತ್ತು. ನಾನು ದೇವರಿಗೆ ಏನನ್ನೂ ಕೇಳಲಿಲ್ಲ. ನೀರಿನ ಸದ್ದು ಕೇಳುತ್ತ ಇನ್ನೂ ಸ್ವಲ್ಪ ಹೊತ್ತು ಮಲಗಿದ್ದೆ.

ಸಾಲು ಪುಸ್ತಕದಲ್ಲಿ ಉಳಿಯಿತು. ಕಂಡವಳು ತಂಗಿ, ಸಾಕ್ಷಿಯಾಗಿ ಭೂತಗನ್ನಡಿ, ಅವರ ಕೆಳಗೆ ನಾನು. ಮಿಕ್ಕ ನಾನೂರ ಹತ್ತನ್ನು ಅವರು ಕಸಕ್ಕೆ ಹಾಕಲಿಲ್ಲ. ಶನಿವಾರ ಮಧ್ಯಾಹ್ನಗಳಲ್ಲಿ ನಾವಿಬ್ಬರೂ ಕಚೇರಿಯ ಕಿಟಕಿಯ ಬಳಿ ಕೂರುತ್ತೇವೆ. ನಾನು ಬಿಚ್ಚಿ ಮೇಲಿನ ಬರಹ ಓದುತ್ತೇನೆ, ಅವರು ಮಸೂರದಲ್ಲಿ ನೋಡಿ “ಹೂಂ” ಎನ್ನುತ್ತಾರೆ, ನಾನು ಮಡಿಸುತ್ತೇನೆ. ಒಂದು ಸಲಕ್ಕೆ ಒಂದೇ ಪೊಟ್ಟಣ.

ಇಲ್ಲಿಯವರೆಗೆ ನೂರ ಮೂವತ್ತು ಮುಗಿದಿವೆ. ಒಂದೇ ತಪ್ಪು ಸಿಕ್ಕಿದೆ. ಕಳೆದ ಶನಿವಾರ ಭೂತಗನ್ನಡಿ ಬಹಳ ಹೊತ್ತು ನೋಡಿ, “ಇದು ನಿಮ್ಮದಲ್ಲ, ಅವರದೇ. ಹೆಸರು ತಪ್ಪು ಹಾಕಿದ್ದಾರೆ. ಹೊಸದರಲ್ಲಿ ಎಲ್ಲರೂ ಎಡವೋ ಕಲ್ಲು ಇದು,” ಎಂದು ಪೆನ್ಸಿಲಿನಿಂದ ತಿದ್ದಿದರು. ನನಗೆ ಬೇಸರವಾಗಬೇಕಿತ್ತು. ಬದಲು, ಇಪ್ಪತ್ತೇಳು ವರ್ಷದ ನನ್ನ ತಂಗಿ ಪೊಟ್ಟಣ ಹಿಡಿದು, ತಪ್ಪು ಹೆಸರನ್ನೇ ಜಂಬದಿಂದ ಬರೆಯುತ್ತಿರುವುದು ಕಣ್ಣಿಗೆ ಕಟ್ಟಿತು. ಮನೆಗೆ ಹೋಗಿ ಅವಳ ಅತ್ತಿಗೆಗೆ ಅದನ್ನು ಹೇಳಿ ಇಬ್ಬರೂ ನಕ್ಕೆವು.