ಪ್ರಸಾದದಂತೆ ಹಂಚಿದ ಮಾತ್ರೆ

ಆಸ್ಪತ್ರೆಯ ಆಪ್ತಸಮಾಲೋಚಕಿ ಮಾಲವಿಕಾ ಡಬ್ಬಿಯನ್ನು ತಟ್ಟೆಗೆ ಸುರಿದು ಮಾತ್ರೆ ಎಣಿಸಿದಳು. ನಾಲ್ಕು ಉಳಿದಿದ್ದವು, ನಾಲ್ಕೇ ಉಳಿಯಬೇಕಿತ್ತು.

"ಒಂದು ದಿನವೂ ತಪ್ಪಿಸಿಲ್ಲ ನೀವು. ಆದರೂ ರಕ್ತದಲ್ಲಿ ವೈರಸ್ಸು ಎಂಬತ್ತು ಸಾವಿರಕ್ಕೆ ಏರಿ ಕೂತಿದೆಯಲ್ಲ ಮಹದೇವಮ್ಮ, ಹೇಗೆ?"

ಮಹದೇವಮ್ಮ ಸೆರಗಿನ ತುದಿ ಸುತ್ತುತ್ತಾ ಕೂತಳು. ಏಳು ವರ್ಷದಿಂದ ತಿಂಗಳಿಗೊಮ್ಮೆ ಶ್ರೀರಾಂಪುರದಿಂದ ಸಿಟಿ ಬಸ್ಸು ಹಿಡಿದು ಈ ಕೇಂದ್ರಕ್ಕೆ ಬಂದು ಎಚ್.ಐ.ವಿ. ಮಾತ್ರೆ ಒಯ್ಯುತ್ತಿದ್ದವಳು. ಮೊದಲ ಐದು ವರ್ಷ ಅವಳ ರಕ್ತದಲ್ಲಿ ವೈರಸ್ಸು ಹುಡುಕಿದರೂ ಸಿಗುತ್ತಿರಲಿಲ್ಲ. "ನಿಮ್ಮನ್ನ ನೋಡಿ ಕಲೀಬೇಕು ಇವರೆಲ್ಲ" ಎಂದು ಇದೇ ಮಾಲವಿಕಾ ಬೆಂಚಿನಲ್ಲಿದ್ದವರಿಗೆಲ್ಲ ತೋರಿಸಿ ಹೇಳಿದ್ದುಂಟು.

"ಈ ಔಷಧಿ ಸೋತಿದೆ ಅಂತ ಡಾಕ್ಟ್ರು ಬರೆಯೋಕೆ ಹೊರಟಿದ್ದಾರೆ. ಇದರ ಮುಂದಿನದೂ ಸೋತರೆ ನಮ್ಮ ಕೈಲಿ ಹೆಚ್ಚೇನೂ ಉಳಿಯಲ್ಲ. ಏನಾದ್ರೂ ಮುಚ್ಚಿಟ್ಟಿದ್ದೀರಾ?"

ಮುಚ್ಚಿಟ್ಟಿದ್ದಳು. ಗಂಡನನ್ನೇ ಮುಚ್ಚಿಟ್ಟಿದ್ದಳು.

ಗುರುಮಲ್ಲಪ್ಪನದು ಮಠದ ಬಾಗಿಲಲ್ಲಿ ವಿಭೂತಿ, ರುದ್ರಾಕ್ಷಿ ಅಂಗಡಿ. ಸೋಮವಾರದ ಗೋಷ್ಠಿಯಲ್ಲಿ ಅವನು ವಚನಕ್ಕೆ ಬಾಯಿ ತೆರೆದನೆಂದರೆ ಕೂತವರು ತಲೆದೂಗಲೇಬೇಕು. ಎರಡು ವರ್ಷದ ಹಿಂದೆ ಜ್ವರ ಬಿಡದಾಗ ದೂರದ ಲ್ಯಾಬೊಂದರಲ್ಲಿ ಗುಟ್ಟಾಗಿ ರಕ್ತ ಕೊಟ್ಟು ಬಂದ. ಅವನಿಗೂ ಅದೇ. ಅವನು ಲಾರಿ ಓಡಿಸುತ್ತಿದ್ದ ಹಳೆಯ ದಿನಗಳನ್ನು ಇಬ್ಬರೂ ಒಳಗೊಳಗೇ ನೆನೆದರು.

"ನೀನೇನೋ ಹೋಗ್ತೀಯ. ಆ ಬೆಂಚಲ್ಲಿ ನಾನು ಕೂತಿರೋದು ಮಠದೋರು ನೋಡ್ಬುಟ್ರೆ, ನಾಳೆಯಿಂದ ನನ್ನ ಕೈ ವಿಭೂತಿ ಯಾರು ಮುಟ್ತಾರೆ?" ಅಂದಿದ್ದ.

ಅಂದಿನಿಂದ ಸಂಜೆಯ ಲಿಂಗಪೂಜೆಯ ತಟ್ಟೆಗೆ ಹೂವು, ಪತ್ರೆಯ ಜೊತೆ ಆ ಮಾತ್ರೆಯೂ ಬಂತು. ಶಿವನಿಗೆ ಅರ್ಪಿಸಿ, ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ, ಒಂದನ್ನು ಅವಳ ಅಂಗೈಗೆ ಹಾಕುತ್ತಿದ್ದ. "ಪ್ರಸಾದಕ್ಕೆ ಅಳತೆ ಇಲ್ಲ ಕಣೇ. ಕಾಳಷ್ಟು ಸಿಕ್ರೂ ಪೂರ್ತಿ ಸಿಕ್ಕಂಗೆ." ಅಜ್ಜಿಯ ಮಗ್ಗುಲಲ್ಲಿ ಕೂತು ವಚನ ಕೇಳುತ್ತಲೇ ಬೆಳೆದ ಮಹದೇವಮ್ಮನಿಗೆ ಅದು ಸುಳ್ಳೆನಿಸಿರಲಿಲ್ಲ.

"ಅರ್ಧ ನಾನು ತಿಂತಿದ್ದೆ ಮೇಡಂ. ಇನ್ನರ್ಧ ನಮ್ಮನೆಯವ್ರು" ಅಂದಳು.

ಮಾಲವಿಕಾ ಹಣೆ ಚಚ್ಚಿಕೊಂಡಳು. "ಅಯ್ಯೋ ಪುಣ್ಯಾತ್ಗಿತ್ತಿ! ಅರೆಪೆಟ್ಟು ತಿಂದ ಹಾವು ಸಾಯುತ್ತೇನಮ್ಮ? ಇಬ್ಬರ ಮೈಯಲ್ಲೂ ಅದನ್ನ ಕೆಣಕಿ ಬಿಟ್ಟಿದ್ದೀರಿ. ಇವತ್ತಿಂದ ಇಡೀ ಮಾತ್ರೆ ನುಂಗಿ, ಮೂರು ತಿಂಗಳಿಗೆ ಮತ್ತೆ ಪರೀಕ್ಷೆ. ಅವರನ್ನ ನಾಳೆಯೇ ಕರ್ಕೊಂಡು ಬನ್ನಿ. ಮಾತ್ರೆ ಪುಕ್ಕಟೆ, ಹೆಸರು ಹೊರಗೆ ಹೋಗಲ್ಲ."

ಸಂಜೆ ಪೂಜೆ ಮುಗಿಸಿದ ಗುರುಮಲ್ಲಪ್ಪ ಎಲ್ಲವನ್ನೂ ಕೇಳಿ ಕೆಂಡವಾದ.

"ಮರೆತುಬುಡ್ತಿದ್ದೆ ಅನ್ನಕ್ಕೆ ನಿಂಗೆ ಬಾಯಿರಲಿಲ್ವಾ? ನನ್ನ ಹೆಸರು ಎತ್ಬುಟ್ಯಾ?"

ಅವಳು ಮಾತ್ರೆಯನ್ನು ಇಡಿಯಾಗಿ ಬಾಯಿಗೆ ಹಾಕಿ ನೀರು ಕುಡಿದಳು. ಅವನು ಚಾಚಿದ ಕೈ ಚಾಚಿದಂತೆಯೇ ಇತ್ತು.

"ನನ್ನದು?"

"ನಿಮ್ಮದು ಆಸ್ಪತ್ರೇಲೈತೆ, ನಿಮ್ಮ ಹೆಸರಲ್ಲೇ ಒಂದು ಡಬ್ಬಿ ಕೊಡ್ತಾರೆ. ಬನ್ನಿ, ಜೊತೇಲಿ ಹೋಗಣ."

"ಗಂಡನಿಗೆ ಹಂಚದೆ ತಿನ್ನೋಳು ದೊಡ್ಡ ಶರಣೆ!" ಎಂದು ಎದ್ದುಹೋದ. ಮುಂದಿನ ಸೋಮವಾರ ದಾಸೋಹದ ಮೇಲೆ ಒಂದು ಗಂಟೆ ಮಾತಾಡಿದನಂತೆ. ಹಂಚಿ ಉಣ್ಣುವುದೇ ಧರ್ಮ ಎಂದು ಅವನು ಹೇಳುವಾಗ ಎಷ್ಟೋ ಜನ ಕಣ್ಣೊರೆಸಿಕೊಂಡರಂತೆ. ಆಸ್ಪತ್ರೆಯ ಕಡೆ ಮಾತ್ರ ತಲೆಹಾಕಲಿಲ್ಲ. ಅವಳೊಡನೆ ಮಾತೂ ಬಿಟ್ಟ.

ಮೂರು ತಿಂಗಳು ಒಂದು ಹೊತ್ತೂ ತಪ್ಪದೆ ನುಂಗಿದಳು. ಆದರೂ ವೈರಸ್ಸು ಎಪ್ಪತ್ತು ಸಾವಿರದಲ್ಲೇ ಇತ್ತು. ಡಾಕ್ಟರು ಹಳೆಯ ಮಾತ್ರೆಯ ಹೆಸರಿಗೆ ಅಡ್ಡಗೀಟು ಎಳೆದು ಬೇರೆ ಬರೆದುಕೊಟ್ಟರು. "ಇದನ್ನ ಕಣ್ಣಿನ ಹಾಗೆ ಕಾಯ್ಕೊಳ್ಳಿ" ಅಂದಳು ಮಾಲವಿಕಾ, ಈ ಸಲ ಬೈಯದೆ.

ಮನೆಯಲ್ಲಿ ಗುರುಮಲ್ಲಪ್ಪ ಗೋಡೆಗೊರಗಿ ಕೆಮ್ಮುತ್ತಿದ್ದ. ಕೆನ್ನೆ ಒಳಕ್ಕೆ ಹೋಗಿತ್ತು. ಅವಳ ಕೈಯ ಹೊಸ ಡಬ್ಬಿ ಕಂಡು, ಮೂರು ತಿಂಗಳಲ್ಲಿ ಮೊದಲ ಸಲ ಮೆತ್ತಗೆ ಕರೆದ.

"ಮಾದೇವಿ, ಹೊಸದು ಬಲು ಜೋರಿರಬೇಕಲ್ವಾ? ನಂಗೆ ಕಾಲು ಭಾಗ ಕೊಟ್ರೂ ಸಾಕು."

"ಬೆಳಿಗ್ಗೆ ಎಂಟೂವರೆ ಬಸ್ಸಿಗೆ ಹೊರಡಿ" ಅಂದಳು.

ಅವನು ಗೋಡೆಯ ಕಡೆ ಹೊರಳಿಕೊಂಡ.

ಮಹದೇವಮ್ಮ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ತಾಳಿಯ ಪಕ್ಕಕ್ಕೇ ಪೋಣಿಸಿಕೊಂಡಳು.